‘ಇದು ಶೀತ ಅಲ್ಲ, ಶೈಲಿ’

ಮಣಿಪಾಲದ ಹಾಸ್ಟೆಲ್ ಕೋಣೆಯೊಂದರಲ್ಲಿ ತಯಾರಾದ ರಾ ಬ್ಲ್ಯಾಕ್ ಮೆಟಲ್ ಎಂಬ ಒರಟು ಸದ್ದಿನ ಸಂಗೀತದ ಆಲ್ಬಮ್ ಒಂದು ಕ್ಯಾಸೆಟ್ಟಿನ ಅವತಾರದಲ್ಲಿ ಕೈಗೆ ಸಿಕ್ಕಿತು. ಗಾಯಕ, ವಾದಕ, ಪ್ರಕಾಶಕ ಎಲ್ಲ ಒಬ್ಬನೇ ಹುಡುಗ, ಊರು ಕಾರ್ಕಳ. ಅವನು ಲ್ಯಾಬಿಗೆ ಹೋಗಿದ್ದ ಹೊತ್ತು ನೋಡಿ ಕ್ಯಾಸೆಟ್ಟನ್ನು ಮಾತಿಗೆಳೆದೆವು.

ನಾವು: ಎಂತ ಮಾರಾಯ್ರೆ, ಇಷ್ಟು ಗೊರಗೊರ? ಶೀತವಾ?

ಕ್ಯಾಸೆಟ್: ಇದು ಶೀತ ಅಲ್ಲ, ಶೈಲಿ. ನಾರ್ವೆಯ ಹಿರಿಯರು ಹಾಕಿಕೊಟ್ಟ ಮೇಲ್ಪಂಕ್ತಿ. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮಿನಲ್ಲಿ ಡಾರ್ಕ್‌ಥ್ರೋನ್ ತಂಡದ ಫೆನ್ರಿಜ್ ಗಿಟಾರ್, ಬೇಸ್, ಡ್ರಮ್ ಮೂರನ್ನೂ ಒಬ್ಬರೇ ನುಡಿಸಿ ನಾಲ್ಕು ಟ್ರ್ಯಾಕಿನ ರೆಕಾರ್ಡರಿಗೆ ತುಂಬಿಸಿದರು. ಬರ್ಜಮ್‌ನ ವಿಕರ್ನೆಸ್ ‘ಫಿಲೊಸೊಫೆಮ್’ ಆಲ್ಬಮ್ಮಿಗೆ ಇದ್ದುದರಲ್ಲೇ ಅತಿ ಕಳಪೆ ಮೈಕ್ ಕೊಡಿ ಎಂದು ಕೇಳಿ, ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡಿದರು.

ನಾವು: ಅದೇ ಮಹಾಶಯರು 1993ರಲ್ಲಿ ಮೇಹೆಮ್ ತಂಡದ ಯೂರೋನಿಮಸ್‌ನನ್ನು ಕೊಂದು ಜೈಲಿಗೂ ಹೋದರು.

ಕ್ಯಾಸೆಟ್: ಅಷ್ಟರ ಮಟ್ಟಿಗೆ ನಮ್ಮ ಹುಡುಗ ಅನುಯಾಯಿಯಲ್ಲ. ಅವನಿಗೆ ಅಟೆಂಡೆನ್ಸ್ ಶಾರ್ಟೇಜ್ ಎಂದರೇ ಜ್ವರ ಬರುತ್ತದೆ.

ನಾವು: ನಿಮ್ಮದೂ ನಾಲ್ಕು ಟ್ರ್ಯಾಕಾ?

ಕ್ಯಾಸೆಟ್: (ಎರಡು ಸುತ್ತು ಸುತ್ತಿ) ನಾನು ಲ್ಯಾಪ್‌ಟಾಪಿನಲ್ಲಿ ನೀಟಾಗಿಯೇ ರೆಕಾರ್ಡ್ ಆಗಿದ್ದೆ. ಆಮೇಲೆ ಹಳೇ ಟೇಪಿನ ಸದ್ದು ಬೆರೆಸುವ ಸಾಫ್ಟ್‌ವೇರ್ ಕೊಂಡು ತಂದು ಕೆಡಿಸಿದ.

ನಾವು: ಬಡತನಕ್ಕೂ ದುಡ್ಡು ಕೊಟ್ಟ ಹಾಗಾಯಿತು!

ಕ್ಯಾಸೆಟ್: ಬೂಷ್ಟು ಮಾತ್ರ ಪುಕ್ಕಟೆ, ಮಳೆಗಾಲದ ಕೊಡುಗೆ. ಅದು ಹಿಡಿದ ಮೇಲೆ ‘ಅಟ್ಮಾಸ್ಫಿಯರ್ ಸೂಪರ್’ ಎಂದು ಪಕ್ಕದ ಕೋಣೆಯವರು ಹೊಗಳುತ್ತಿದ್ದಾರೆ.

ನಾವು: ಮುಖಪುಟದಲ್ಲಿರುವುದು ನಾರ್ವೆಯ ಕಡಲಾ?

ಕ್ಯಾಸೆಟ್: ಕಾಪು. ಚಿತ್ರದಲ್ಲಿರುವುದು ಅಲ್ಲಿನ 1901ರ ದೀಪಸ್ತಂಭ. ಕಪ್ಪುಬಿಳುಪು ಮಾಡಿದ ಮೇಲೆ ಚುರುಮುರಿ ಗಾಡಿಯೂ ಶವಪೆಟ್ಟಿಗೆಯ ಹಾಗೆ ಕಾಣುತ್ತದೆ.

ನಾವು: ಮುಖಕ್ಕೆ ಬಿಳಿ ಬಳಿದು ನಿಂತವನು ಅವನೇ?

ಕ್ಯಾಸೆಟ್: ಹೌದು, ಹೆಣದ ಕಳೆ ತರುವ ಕಾರ್ಪ್ಸ್ ಪೇಂಟ್. ಐದು ನಿಮಿಷದ ಕೆಲಸ. ಹಾಗೆಯೇ ಮನೆಗೆ ಹೋದ. ಬಾಗಿಲು ತೆರೆದ ಅಜ್ಜಿ ‘ಯಾವ ಮೇಳ ಮಗಾ? ಚಿಟ್ಟಿ ಇಡಲಿಲ್ಲವಾ?’ ಎಂದರು. ಭಯಾನಕ ರಸ ಅಲ್ಲಿಗೇ ಮುಗಿಯಿತು. ಯಕ್ಷಗಾನದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಚುಕ್ಕೆಗಳಾಗಿ ಒಂದೊಂದೇ ಚಿಟ್ಟಿ ಇಡುತ್ತಾ ಬಣ್ಣದ ಮನೆಯಾದ ಚೌಕಿಯಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಅವರ ಮಹಿಷಾಸುರ ಜನರ ನಡುವಿನಿಂದಲೇ ದೀವಟಿಗೆ, ರಾಳದ ಬೆಂಕಿಯ ಜೊತೆ ಅಬ್ಬರಿಸುತ್ತಾ ಬರುತ್ತಾನೆ. ನನ್ನನ್ನು ಕೇಳಿ ಈವರೆಗೆ ಒಂದು ಮಗುವೂ ಅತ್ತಿಲ್ಲ.

ನಾವು: ಸಾಹಿತ್ಯ ಕನ್ನಡವಾ? ಬೆಂಗಳೂರಿನ ‘ದ್ವೇಷ’ ತಂಡದವರು ‘ಸ್ತೂಪ’ ಎಂಬ ಡೆತ್ ಮೆಟಲ್ ಆಲ್ಬಮ್ಮನ್ನು ಕನ್ನಡದಲ್ಲಿ ತಂದರಲ್ಲ.

ಕ್ಯಾಸೆಟ್: ಅವರಿಗೆ ಧೈರ್ಯವಿತ್ತು. ನಮ್ಮವನದು ಬರೀ ಹಿಮ, ಪೈನ್ ಕಾಡು, ಮುಗಿಯದ ಚಳಿಗಾಲ. ಅವನು ಕಣ್ಣಾರೆ ಕಂಡ ಹಿಮ ಉಡುಪಿಯ ಗಡ್‌ಬಡ್ ಐಸ್‌ಕ್ರೀಮಿನದ್ದು.

ನಾವು: ಹಾಗಾದರೆ ನಿಮ್ಮಲ್ಲಿ ಒಳ್ಳೆಯದು ಎಂಥದ್ದೂ ಇಲ್ಲವಾ?

ಕ್ಯಾಸೆಟ್: ಇದೆ. ಮೂರನೇ ಹಾಡು. ಒಂದೇ ಸ್ವರಸಾಲನ್ನು ಏಳು ನಿಮಿಷ ಎಡೆಬಿಡದೆ ಮೀಟಿದ್ದಾನೆ. ಮೊದಮೊದಲು ಕಿರಿಕಿರಿ. ನಾಲ್ಕನೇ ನಿಮಿಷಕ್ಕೆ ಕಿವಿ ಒಗ್ಗುತ್ತದೆ, ಗದ್ದಲದೊಳಗಿನ ರಾಗ ತಾನಾಗಿ ಮೇಲೆ ಬರುತ್ತದೆ. ಆ ಹಾಡಿಗೆ ಸಾಫ್ಟ್‌ವೇರ್ ಹಾಕಲು ಮರೆತಿದ್ದ.

ನಾವು: ಉಳಿದ ಐದು?

ಕ್ಯಾಸೆಟ್: ಅದರದ್ದೇ ನಕಲು. ಡ್ರಮ್ ಕಂಪ್ಯೂಟರಿನದು. ಬೇಸ್ ಇದೆಯೆಂದು ರಟ್ಟಿನ ಮೇಲೆ ಬರೆದಿದೆ.

ಓದುಗರಿಗೆ ಒಂದು ಮಾತು: ಮೂರನೇ ಹಾಡನ್ನು ತಪ್ಪದೆ ಕೇಳಿ. ಉಳಿದ ಹೊತ್ತಿಗೆ ಹತ್ತಿರದಲ್ಲಿ ‘ದೇವೀ ಮಹಾತ್ಮೆ’ ಆಟ ಎಲ್ಲಿದೆಯೆಂದು ವಿಚಾರಿಸಿ, ಮಹಿಷಾಸುರ ಬರುವ ಮೊದಲೇ ಹೋಗಿ ದಾರಿಯ ಬದಿಯ ಜಾಗ ಹಿಡಿಯಿರಿ.