ಎಂಟು ಗಜದ ಭಂಡಧೈರ್ಯ

ಮಗನೋ ಮಗಳೋ ಗ್ಲಾಸ್ಗೋದಲ್ಲಿ, ಎಡಿನ್‌ಬರೋದಲ್ಲಿ ಎಂಎಸ್ಸಿ ಮುಗಿಸಿದರೆ ಘಟಿಕೋತ್ಸವಕ್ಕೆ ಅಪ್ಪ-ಅಮ್ಮ ಹೋಗಲೇಬೇಕು. ಅಮ್ಮನ ಸಿದ್ಧತೆ ಸುಲಭ. ಒಂದು ಮೈಸೂರು ಸಿಲ್ಕ್, ಮೇಲೊಂದು ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ಕರ್ನಾಟಕದ ತಾಯಂದಿರ ವಿದೇಶಿ ಸಮವಸ್ತ್ರವೇ ಅದು. ಕೈಕೊಡುವುದು ಅಪ್ಪ. ಆಯುಷ್ಯವೆಲ್ಲ ಬ್ಯಾಂಕಿನಲ್ಲೋ ಪಿಡಬ್ಲ್ಯುಡಿಯಲ್ಲೋ ಬೂದು ಪ್ಯಾಂಟಿನೊಳಗೆ ಸವೆದ ಜೀವ, ರಾಯಲ್ ಮೈಲ್ ಬೀದಿಯಲ್ಲಿ ಬ್ಯಾಗ್‌ಪೈಪ್ ಊದುವವನನ್ನು ಕಂಡದ್ದೇ ತಡ, ಕಿಲ್ಟ್ ಎಂಬ ಸ್ಕಾಟ್ ಗಂಡಸರ ನೆರಿಗೆ ಲಂಗವನ್ನು ಬಾಡಿಗೆಗೆ ಕೊಡುವ ಅಂಗಡಿಯ ಗಾಜಿನ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳತೊಡಗುತ್ತದೆ. ‘ಸುಮ್ನೆ ಒಂದು ಫೋಟೋಗೆ’ ಎನ್ನುತ್ತದೆ. ‘ಈ ವಯಸ್ಸಿಗೆ ಲಂಗ ಬೇಕಿತ್ತಾ?’ ಎಂದು ಅಮ್ಮ. ‘ಡ್ಯಾಡ್, ಪ್ಲೀಸ್’ ಎಂದು ಮಗಳು, ಗೆಳತಿಯರು ಯಾರಾದರೂ ನೋಡಿಯಾರೆಂದು ಅತ್ತಿತ್ತ ನೋಡುತ್ತ.

ನಾನು ಅಪ್ಪನ ಪಕ್ಷ. ಉಡಲಿ ಬಿಡಿ, ಪಾಪ.

ಅಪ್ಪನನ್ನು ತಡೆಯುವುದು ಅಮ್ಮನ ಮಾತಲ್ಲ, ಇನ್ನೊಂದು ಅಳುಕು. ಸ್ಕಾಟರ ಕುಲದ ಉಡುಪು, ಹೊರಗಿನವರು ಉಟ್ಟರೆ ಬೇಜಾರು ಮಾಡಿಕೊಂಡಾರೇನೋ ಎಂದು. ಈ ಅಳುಕು ಪಡುವವರು ಕಿಲ್ಟಿನ ಚರಿತ್ರೆ ಓದಿಲ್ಲ ಎಂದೇ ಅರ್ಥ. ಆ ಬಟ್ಟೆಯ ಕತೆಯಲ್ಲಿ ಊರವರಷ್ಟೇ ಪ್ರವಾಸಿಗಳೂ ತುಂಬಿಕೊಂಡಿದ್ದಾರೆ. ಹಿಂದೆ ಸ್ಕಾಟ್ಲೆಂಡಿನ ಗುಡ್ಡಸೀಮೆಯಾದ ಹೈಲ್ಯಾಂಡಿನ ಗಂಡಸರು ಸುತ್ತಿಕೊಳ್ಳುತ್ತಿದ್ದದ್ದು ಮೈಯೆಲ್ಲ ಆವರಿಸುವ ಒಂದೇ ಉದ್ದನೆಯ ಕಂಬಳಿ. ಹಗಲು ಬಟ್ಟೆ, ರಾತ್ರಿ ಹೊದಿಕೆ. ಅದರ ಕೆಳಭಾಗವನ್ನಷ್ಟೇ ಕತ್ತರಿಸಿ ನೆರಿಗೆ ಹೊಲಿಸಿದವನು 1720ರ ದಶಕದಲ್ಲಿ ಗ್ಲೆನ್‌ಗ್ಯಾರಿಗೆ ಕಬ್ಬಿಣ ಕರಗಿಸಲು ಬಂದಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಾರ್ಖಾನೆದಾರ ಎಂದು ಒಂದು ಹಳೆಯ ಪತ್ರ ಹೇಳುತ್ತದೆ. ಸ್ಕಾಟರಲ್ಲಿ ಬಹಳ ಮಂದಿ ಇದನ್ನು ಒಪ್ಪುವುದಿಲ್ಲ. ಪಬ್ಬಿನಲ್ಲಿ ಕುಳಿತು ಈ ವಿಷಯ ಎತ್ತಬೇಡಿ, ಎತ್ತಿದರೂ ಬಾಗಿಲ ಹತ್ತಿರದ ಕುರ್ಚಿ ಹಿಡಿದುಕೊಂಡು ಎತ್ತಿ.

ಇನ್ನು 1822ರ ಆಗಸ್ಟ್. ಲಂಡನ್ನಿನಿಂದ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಪಟ್ಟದಲ್ಲಿದ್ದ ರಾಜನೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟು ನೂರೆಪ್ಪತ್ತು ವರ್ಷವಾಗಿತ್ತು. ಸ್ವಾಗತದ ಹೊಣೆ ಹೊತ್ತವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಕಾದಂಬರಿಕಾರನ ಕೈಗೆ ಮೆರವಣಿಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಪ್ಯಾಂಟು ತೊಟ್ಟು ವಕೀಲಿಕೆ, ವ್ಯಾಪಾರ ಮಾಡಿಕೊಂಡಿದ್ದ ನಗರದ ಸದ್ಗೃಹಸ್ಥರು ಕೂಡ ದಿಢೀರನೆ ಹೈಲ್ಯಾಂಡರಾದರು. ದೊರೆಯೂ ಬಿಡಲಿಲ್ಲ, 1354 ಪೌಂಡು 18 ಶಿಲ್ಲಿಂಗು ಬಿಲ್ಲಾಗುವಷ್ಟು ಸಾಮಾನು ತರಿಸಿಕೊಂಡ. ಅಷ್ಟೊಂದು ದುಡ್ಡು ಸುರಿದರೂ ಕಿಲ್ಟು ಗಿಡ್ಡವಾಯಿತು! ಸ್ಥೂಲಕಾಯದ ರಾಜ, ಒಳಗೆ ಮೈಬಣ್ಣದ ಬಿಗಿ ಚಲ್ಲಣ ಬೇರೆ. ದೊರೆ ನಮ್ಮ ನಡುವೆ ಇರುವ ಕಾಲ ಕಮ್ಮಿ, ಎಷ್ಟು ಹೆಚ್ಚು ಕಂಡರೆ ಅಷ್ಟು ಒಳ್ಳೆಯದೇ ಎಂದು ಅಲ್ಲಿದ್ದ ಒಬ್ಬ ಮಹಾತಾಯಿ ಅಂದಳಂತೆ. ಜೊತೆಗೆ ಬಂದಿದ್ದ ಲಂಡನ್ನಿನ ಮಾಜಿ ಮೇಯರ್, ಬಿಸ್ಕತ್ತಿನ ವ್ಯಾಪಾರಿ ವಿಲಿಯಂ ಕರ್ಟಿಸ್ ಕೂಡ ತನ್ನ ದೊಡ್ಡ ಹೊಟ್ಟೆಯ ಕೆಳಗೆ ಕಿಲ್ಟು ಸುತ್ತಿ ನಿಂತ. ವ್ಯಂಗ್ಯಚಿತ್ರಕಾರರಿಗೆ ಆ ವರ್ಷ ಹಬ್ಬ. ಇಷ್ಟೆಲ್ಲ ನಕ್ಕ ಮೇಲೆ ಆದದ್ದೇನು? ಹೈಲ್ಯಾಂಡಿನ ಬಡವರ ಬಟ್ಟೆ ಇಡೀ ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪಾಯಿತು. ಮುಂದೆ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಜರ್ಮನಿಯಿಂದ ಬಂದವನಾದರೂ ಬ್ಯಾಲ್ಮೋರಲ್ ಅರಮನೆಗೆಂದೇ ಒಂದು ಟಾರ್ಟನ್ ಚೌಕುಳಿಯನ್ನು ತಾನೇ ರೂಪಿಸಿದ. ಇಂಥ ಪ್ರವಾಸಿಗಳ ಪರಂಪರೆಯಲ್ಲಿ ದಾವಣಗೆರೆಯ ನಿವೃತ್ತ ಮ್ಯಾನೇಜರು ಒಬ್ಬರು ಹೆಚ್ಚಾದರೆ ಯಾರ ಗಂಟು ಹೋಗುತ್ತದೆ?

ಅಂಗಡಿಯೊಳಗೆ ಕಾಲಿಟ್ಟೊಡನೆ ಪ್ರಶ್ನೆ: ನಿಮ್ಮದು ಯಾವ ಕ್ಲಾನ್, ಅಂದರೆ ಕುಲ? ಕುಲಕ್ಕೊಂದು ಟಾರ್ಟನ್ ಅಲ್ಲವೇ. ಗೋತ್ರ, ಬಳಿ, ಬೆಡಗು ಎಲ್ಲ ಹೇಳಿಯೇ ಮದುವೆಯಾದ ನಮ್ಮವರು ಇದಕ್ಕೆ ಹೆದರಬೇಕಾಗಿಲ್ಲ. ಹೆಸರಿನ ಪಟ್ಟಿಯಲ್ಲಿ ರಾವ್, ಹೆಗಡೆ, ಪಾಟೀಲ ಸಿಗದಿದ್ದರೂ ಗೌಡರಿಗೆ ಮಾತ್ರ ಅದೃಷ್ಟವಿದೆ. ಗೌ ಎಂಬ ಮನೆತನ ಅಲ್ಲಿ ನಿಜವಾಗಿಯೂ ಇದೆ, ಮ್ಯಾಕ್‌ಫರ್ಸನ್ ಕುಲದವರೊಂದಿಗೆ ಎಣಿಸುತ್ತಾರೆ. ಹದಿನೆಂಟನೇ ಶತಮಾನದ ಪ್ರಸಿದ್ಧ ಪಿಟೀಲುವಾದಕ ನೀಲ್ ಗೌ ಅದೇ ಹೆಸರಿನವನು. ಒಂದು ‘ಡ’ ಬಿಟ್ಟುಕೊಟ್ಟರೆ ಮಂಡ್ಯದವರಿಗೆ ಕುಲ ಸಿದ್ಧ. ಉಳಿದವರಿಗೆ ಕಪ್ಪು-ಹಸಿರು ಬ್ಲ್ಯಾಕ್ ವಾಚ್ ಇದೆ, ಬಿಸ್ಕತ್ತಿನ ಡಬ್ಬಿಯ ಮೇಲೆ ನೋಡಿರುವ ಕೆಂಪು ರಾಯಲ್ ಸ್ಟೂವರ್ಟ್ ಇದೆ. ಯಾರು ಉಟ್ಟರೂ ಯಾರೂ ಕೇಳುವುದಿಲ್ಲ. ಟಾರ್ಟನ್‌ಗಳನ್ನು ದಾಖಲು ಮಾಡಲು 2009ರಿಂದ ಸರಕಾರದ್ದೇ ಒಂದು ನೋಂದಣಿ ಪುಸ್ತಕವಿದೆ, ಹೊಸ ಚೌಕುಳಿ ರಚಿಸಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ನಮ್ಮ ಕನ್ನಡ ಸಂಘಗಳ ಗಮನಕ್ಕೆ ಇದು ಇನ್ನೂ ಬಂದಂತಿಲ್ಲ. ಬಂದರೆ ಅಧ್ಯಕ್ಷರ ಬಣದ್ದೊಂದು, ಕಾರ್ಯದರ್ಶಿ ಬಣದ್ದೊಂದು ನೋಂದಣಿಯಾದೀತು.

ನನ್ನನ್ನು ಕೇಳಿದರೆ ಕನ್ನಡಿಗರು ಉಡಬೇಕಾದ್ದು ಮೆಕೆಂಜಿ ಟಾರ್ಟನ್. ದೂರದ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನ ಕಾಲಿನ್ ಮೆಕೆಂಜಿ ಟಿಪ್ಪುವಿನ ನಂತರ ಮೈಸೂರು ಸೀಮೆಯನ್ನು ಅಳೆಸಿ, ಹಳ್ಳಿಹಳ್ಳಿಗಳ ಶಾಸನ, ಕೈಫಿಯತ್ತುಗಳನ್ನು ಬರೆಸಿಕೊಂಡು ಹೋದ. ನಮ್ಮ ಊರುಗಳ ಇಷ್ಟೊಂದು ಕಾಗದ ಒಯ್ದವನ ಚೌಕುಳಿಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದರೆ ಲೆಕ್ಕ ಸರಿಹೋದೀತು. ಬಾಡಿಗೆ ಮಾತ್ರ ನಾವೇ ಕೊಡಬೇಕು ಎಂಬುದು ಬೇಸರದ ಸಂಗತಿ.

ಶ್ರೀರಂಗಪಟ್ಟಣಕ್ಕೂ ಈ ಬಟ್ಟೆಗೂ ಒಂದು ವಿಚಿತ್ರ ನಂಟಿದೆ. 1746ರಲ್ಲಿ ಕಲೋಡನ್ ಕದನದಲ್ಲಿ ಹೈಲ್ಯಾಂಡರನ್ನು ಬಗ್ಗುಬಡಿದ ಸರಕಾರ ಅವರ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು, ಎರಡನೇ ಸಲ ಏಳು ವರ್ಷ ಗಡೀಪಾರು. ಸರಕಾರದ ಸೈನ್ಯ ಸೇರಿದರೆ ಮಾತ್ರ ವಿನಾಯಿತಿ! ಅಂಥ ಹೈಲ್ಯಾಂಡ್ ಪಡೆಯೊಂದರ ಕ್ಯಾಪ್ಟನ್ ಡೇವಿಡ್ ಬೇರ್ಡ್ 1780ರಲ್ಲಿ ಪೊಲ್ಲಿಲೂರಿನ ಕದನದಲ್ಲಿ ಮೈಸೂರು ಸೈನ್ಯಕ್ಕೆ ಸೆರೆಸಿಕ್ಕಿ ಶ್ರೀರಂಗಪಟ್ಟಣದ ಬಂದೀಖಾನೆ ಸೇರಿದ. ಕೈದಿಗಳನ್ನು ಜೋಡಿಜೋಡಿಯಾಗಿ ಸರಪಳಿಗೆ ಬಿಗಿದಿದ್ದಾರೆ ಎಂದು ಊರಿನಲ್ಲಿ ಕೇಳಿದ ಅವನ ತಾಯಿ, ನನ್ನ ಮಗನ ಜೊತೆ ಬಿಗಿಸಿಕೊಂಡವನ ಗತಿ ನೆನೆದರೆ ಅಯ್ಯೋ ಅನಿಸುತ್ತದೆ ಎಂದಳಂತೆ. ಅವನು ಹೀಗೆ ಕಾವೇರಿ ದಡದಲ್ಲಿ ಕಂಬಿ ಎಣಿಸುತ್ತಿದ್ದಾಗಲೇ, 1782ರಲ್ಲಿ, ಅತ್ತ ಕಿಲ್ಟಿನ ನಿಷೇಧ ರದ್ದಾಯಿತು. 1799ರಲ್ಲಿ ಕೋಟೆಗೆ ಲಗ್ಗೆ ಹಾಕಿದವನೂ ಇದೇ ಬೇರ್ಡ್. ಟಿಪ್ಪುವಿನ ದೇಹವನ್ನು ಅವನು ಕಂಡ ಗಳಿಗೆಯ ಭಾರಿ ಚಿತ್ರ ಬರೆದವನು ಡೇವಿಡ್ ವಿಲ್ಕಿ. ಗಿಡ್ಡ ಕಿಲ್ಟಿನ ಜಾರ್ಜ್ ದೊರೆಯ ಚಿತ್ರ ಬರೆದವನೂ ಅವನೇ. ದೊರೆಯ ಚಿತ್ರದಲ್ಲಿ ಹೊಟ್ಟೆ ಕರಗಿದೆ, ಗುಲಾಬಿ ಚಲ್ಲಣ ಮಾಯವಾಗಿದೆ. ಆ ಕಾಲಕ್ಕೆ ಫಿಲ್ಟರ್ ಇರಲಿಲ್ಲ ಎಂದವರಾರು?

ಸರಿ, ಉಡುವ ಶಾಸ್ತ್ರಕ್ಕೆ ಬರೋಣ. ನಮ್ಮ ಗಂಡಸರಿಗೆ ಪಂಚೆ ಗೊತ್ತು, ಕಿಲ್ಟೂ ಅದರ ದಾಯಾದಿ ಎಂದುಕೊಂಡರೆ ಕೆಟ್ಟಿರಿ. ಪಂಚೆ ಹೊಟ್ಟೆಯ ಕೆಳಗೆ ನಿಲ್ಲುತ್ತದೆ, ಸೆಕೆಯಾದರೆ ಎತ್ತಿ ಕಟ್ಟಬಹುದು. ಕಿಲ್ಟು ಹೊಕ್ಕುಳ ಮಟ್ಟಕ್ಕೆ ಏರಲೇಬೇಕು, ಅಂಚು ಮಂಡಿಯ ನಡುವಿಗೆ ಬರಬೇಕು, ಎತ್ತಿಕಟ್ಟುವ ಯೋಚನೆಯನ್ನಂತೂ ಮಾಡಲೇಬಾರದು. ಒಳ್ಳೆಯ ಕಿಲ್ಟಿಗೆ ಎಂಟು ಗಜ ಉಣ್ಣೆ ಬೇಕು. ‘ನಮ್ಮಜ್ಜಿ ಸೀರೆಯಷ್ಟಾಯ್ತಲ್ರೀ!’ ಎಂದು ಅಮ್ಮನಿಗೆ ಆಗ ಮೊದಲ ಬಾರಿಗೆ ಗೌರವ ಮೂಡುತ್ತದೆ. ಆ ಎಂಟು ಗಜದ ಬಹುಪಾಲು ಹಿಂದೆ ನೆರಿಗೆಯಾಗಿ ಕೂರುತ್ತದೆ, ಮುಂದೆ ಸಪಾಟು. ಸೀರೆಯ ನೆರಿಗೆ ನೋಡಿದ ಅಭ್ಯಾಸದಲ್ಲಿ ಹಿಂದುಮುಂದಾಗಿ ಸುತ್ತಿಕೊಂಡು ಬೀದಿಗಿಳಿಯಬೇಡಿ. ಅಲಂಕಾರದ ಪಿನ್ನು ಮೇಲಿನ ಪದರಕ್ಕೆ ಮಾತ್ರ. ಎರಡೂ ಪದರಕ್ಕೆ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಜೇಬಿಲ್ಲ, ಆದ್ದರಿಂದ ಮುಂದೆ ಸ್ಪೋರನ್ ಎಂಬ ಚೀಲ. ಕಾಲುಚೀಲದಲ್ಲಿ ಸ್ಕೀನ್ ಡೂ ಎಂಬ ಪುಟ್ಟ ಚಾಕು. ಕೂರುವಾಗ ಹಿಂದಿನ ನೆರಿಗೆಯನ್ನು ಅಂಗೈಯಿಂದ ಸವರಿಕೊಂಡು ಕೂರಬೇಕು, ಮಂಡಿ ಹತ್ತಿರವಿರಬೇಕು. ಜಗುಲಿಯ ಮೇಲೆ ಕಾಲಗಲಿಸಿ ಕೂತು ಬೆಳೆದವರಿಗೆ ಇದೊಂದೇ ನಿಜವಾದ ಕಷ್ಟ.

ಒಳಗೆ ಏನು? ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ ಇದೇ. ಏನೂ ಇಲ್ಲ ಎಂಬುದು ಹಳೆಯ ಸಿಪಾಯಿ ಸಂಪ್ರದಾಯ. ಆದರೆ ನೀವು ತೊಡುತ್ತಿರುವುದು ಬಾಡಿಗೆ ಬಟ್ಟೆ, ನಿನ್ನೆ ಇನ್ಯಾರೋ ತೊಟ್ಟಿದ್ದರು, ನಾಳೆ ಮತ್ಯಾರೋ ತೊಡುತ್ತಾರೆ. ಜೊತೆಗೆ ಎಡಿನ್‌ಬರೋದ ಗಾಳಿ ಯಾವ ಸಂದಿಯಿಂದ ನುಗ್ಗುತ್ತದೋ ಹೇಳಲಾಗದು. ಬೇಸಿಗೆಯಲ್ಲಿ ಹೈಲ್ಯಾಂಡಿಗೆ ಹೋದರೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜುಗಳಿವೆ, ಅವಕ್ಕೆ ಸಂಪ್ರದಾಯದ ಮೇಲೆ ಗೌರವವಿಲ್ಲ. ಚಡ್ಡಿ ಹಾಕಿಕೊಳ್ಳಿ.

ಇನ್ನೊಂದು. ಸ್ಕಾಟರೇನೂ ದಿನಾ ಕಿಲ್ಟು ಉಡುವುದಿಲ್ಲ. ಮದುವೆಗೆ, ಘಟಿಕೋತ್ಸವಕ್ಕೆ, ಕೇಲಿ ಕುಣಿತಕ್ಕೆ, ರಗ್ಬಿ ಪಂದ್ಯಕ್ಕೆ ಉಡುತ್ತಾರೆ. ಹಾಗಾಗಿ ಅಪ್ಪ ಕಿಲ್ಟು ತೊಡಬೇಕಾದ್ದು ಬೀದಿಯ ಫೋಟೋಗಲ್ಲ, ಮಗಳ ಘಟಿಕೋತ್ಸವಕ್ಕೇ. ಪ್ಲಾಸ್ಟಿಕ್ ನೂಲಿನ ಅಗ್ಗದ ಕಿಲ್ಟು, ಅದರ ಮೇಲೆ ಕೆಂಪು ಕೂದಲು ಅಂಟಿಸಿದ ಟೋಪಿ ಖಂಡಿತ ಬೇಡ. ಅದು ಅವರನ್ನು ಅಣಕಿಸಿದಂತೆ. ಪೂರ್ತಿ ಉಡಿ, ನೆಟ್ಟಗೆ ನಡೆಯಿರಿ. ‘ಚೆನ್ನಾಗಿ ಕಾಣ್ತೀರಿ’ ಎಂದು ಯಾರಾದರೂ ಅಜ್ಜಿ ಬಂದು ಹೇಳಿದರೆ ಅದು ಲೇವಡಿಯಲ್ಲ, ಥ್ಯಾಂಕ್ಸ್ ಅನ್ನಿ.

ಮಾರನೆಯ ದಿನ ಬಟ್ಟೆ ವಾಪಸು ಕೊಡುವ ಮೊದಲು ಆ ಸ್ಪೋರನ್ ಒಮ್ಮೆ ತೆರೆದು ನೋಡಿ. ಹೋಟೆಲಿನ ಕೀಲಿ, ಬಿಪಿ ಮಾತ್ರೆ, ಪಾಸ್‌ಪೋರ್ಟ್ ಮೂರೂ ಅದರಲ್ಲೇ ಇರುತ್ತವೆ. ನೆನಪಿಗೆಂದು ಸ್ಕೀನ್ ಡೂ ಕೊಂಡಿದ್ದರೆ ಅದನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ವಿಮಾನ ನಿಲ್ದಾಣದ ಭದ್ರತೆಯವರ ಮುಂದೆ ರಾಷ್ಟ್ರೀಯ ಉಡುಪಿನ ಮಾತು ನಡೆಯುವುದಿಲ್ಲ.