ಕಾಯಂ ಶಿಬಿರಾರ್ಥಿ

ಸರ್ಕಾರಿ ಕಚೇರಿಗಳಲ್ಲಿ ಕಾಯಂ ನೌಕರ, ಗುತ್ತಿಗೆ ನೌಕರ, ಹೊರಗುತ್ತಿಗೆ ನೌಕರ ಎಂಬ ವರ್ಗಗಳು ಎಲ್ಲರಿಗೂ ಪರಿಚಿತವಾಗಿದ್ದರೂ, ಸೇವಾ ನಿಯಮಾವಳಿಯ ಯಾವ ಪುಟದಲ್ಲೂ ಕಾಣಿಸದ ನಾಲ್ಕನೆಯ ವರ್ಗವೊಂದು ಉಂಟು. ಅದು ಕಾಯಂ ಶಿಬಿರಾರ್ಥಿಯದು. ಶಿಬಿರಾರ್ಥಿ ಎಂದರೆ ತರಬೇತಿಗೆ ನಿಯೋಜಿತನಾದವನು. ಕಾಯಂ ಶಿಬಿರಾರ್ಥಿ ಎಂದರೆ ಒಂದು ತರಬೇತಿಯ ಟಿ.ಎ. ಬಿಲ್ಲು, ಅಂದರೆ ಪ್ರಯಾಣ ಭತ್ಯೆಯ ಬಿಲ್ಲು, ಪಾಸಾಗುವ ಮೊದಲೇ ಮುಂದಿನದಕ್ಕೆ ಹೊರಟುನಿಂತವನು.

ಈ ವರ್ಗ ಹುಟ್ಟಿಕೊಂಡ ಬಗೆ ನಿಗೂಢವೇನಲ್ಲ. 'ಒಬ್ಬ ನೌಕರರನ್ನು ತಪ್ಪದೇ ನಿಯೋಜಿಸತಕ್ಕದ್ದು' ಎಂಬ ಪತ್ರ ಮೇಲಿನಿಂದ ಬಂದಾಗ, ಕೆಲಸ ಬಲ್ಲವರನ್ನು ಕಳಿಸಿದರೆ ಕಚೇರಿಯೇ ನಿಂತುಹೋಗುತ್ತದೆ ಎಂದರಿತ ಮುಖ್ಯಸ್ಥರು, ಯಾರು ಹೋದರೆ ಏನೂ ನಿಲ್ಲದೋ ಅವರ ಹೆಸರನ್ನು ಬರೆದು ಕಳಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಓ.ಓ.ಡಿ., ಅಂದರೆ ಅನ್ಯ ಕರ್ತವ್ಯದ ಮೇಲೆ ಹೊರಗಿದ್ದಾನೆಂಬ ಗುರುತು, ಸಹಿಗಿಂತ ಹೆಚ್ಚಾಗಿ ಕಾಣಸಿಗುತ್ತದೆ.

ವಯಸ್ಕರ ಕಲಿಕೆಯನ್ನು ಮಕ್ಕಳ ಕಲಿಕೆಯಿಂದ ಬೇರ್ಪಡಿಸಿ ಆಂಡ್ರಗಾಜಿ ಎಂಬ ಹೆಸರಿನಡಿ 1970ರ ಗ್ರಂಥದಲ್ಲಿ ವಿವರಿಸಿದ ಅಮೆರಿಕದ ಮ್ಯಾಲ್ಕಮ್ ನೋಲ್ಸ್, ಪ್ರಾಯಸ್ಥರಿಗೆ ಸ್ವಂತ ಅನುಭವವೇ ಕಲಿಕೆಯ ದೊಡ್ಡ ಬಂಡವಾಳವೆಂದು ಸಾರಿದರು. ಈ ಬಂಡವಾಳ ಕಾಯಂ ಶಿಬಿರಾರ್ಥಿಯಲ್ಲಿ ಯಥೇಚ್ಛವಾಗಿದೆ: ಶುಕ್ರವಾರ ಮುಗಿಯುವ ಶಿಬಿರ ಮೈಸೂರಿನಲ್ಲಿದ್ದರೆ ಶನಿವಾರ ಚಾಮುಂಡಿ ಬೆಟ್ಟವನ್ನೂ ಭಾನುವಾರ ನಂಜನಗೂಡನ್ನೂ ಮುಗಿಸಬಹುದೆಂಬುದು, ಪ್ರೊಜೆಕ್ಟರಿನ ಬೆಳಕು ಮುಖಕ್ಕೆ ಬೀಳದೆ ಫ್ಯಾನಿನ ಗಾಳಿ ಮಾತ್ರ ಬೀಳುವ ಕುರ್ಚಿ ಯಾವುದೆಂಬುದು, ಗ್ರೂಪ್ ಫೋಟೋದಲ್ಲಿ ನಿರ್ದೇಶಕರ ಬೆನ್ನ ಹಿಂದೆಯೇ ನಿಲ್ಲಲು ಎಷ್ಟು ಹೊತ್ತಿಗೆ ಮೆಟ್ಟಿಲೇರಬೇಕೆಂಬುದು ಆತನಿಗೆ ಕರತಲಾಮಲಕ. ಆತನ ಮನೆಯವರು ತರಕಾರಿ ತರುವುದು 'ಸಕಾಲ', ಅಂದರೆ ಸರ್ಕಾರಿ ಸೇವೆಗಳನ್ನು ಕಾಲಮಿತಿಯಲ್ಲಿ ಒದಗಿಸುವ ಯೋಜನೆಯ ಹೆಸರು, ಅಚ್ಚಾದ ಶಿಬಿರದ ಚೀಲದಲ್ಲಿ. ಪೆನ್ನಿಗೆ ಆ ಮನೆಯಲ್ಲಿ ಎಂದೂ ಬರವಿಲ್ಲ.

ತರಬೇತಿಯ ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ಸೂಚಿಸಿದ ಹಂತಗಳು ನಾಲ್ಕು: ಶಿಬಿರ ಹಿಡಿಸಿತೇ, ಕಲಿತದ್ದೇನು, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಫಲ ದಕ್ಕಿತೇ. ಮೊದಲ ಹಂತವನ್ನು ದಾಟುವ ತೊಂದರೆಯನ್ನು ಕಾಯಂ ಶಿಬಿರಾರ್ಥಿ ಯಾರಿಗೂ ಕೊಟ್ಟವನಲ್ಲ. ಹಿಮ್ಮಾಹಿತಿ ನಮೂನೆ, ಅಂದರೆ ಶಿಬಿರದ ಬಗ್ಗೆ ಅಭಿಪ್ರಾಯ ಬರೆಯುವ ಹಾಳೆ, ಕೈಗೆ ಬಂದೊಡನೆ 'ಅತ್ಯುತ್ತಮ. ಊಟ, ವಸತಿ ಚೆನ್ನಾಗಿತ್ತು. ಅವಧಿಯನ್ನು ಇನ್ನೆರಡು ದಿನ ವಿಸ್ತರಿಸಬೇಕು' ಎಂದು ನೋಡದೆಯೇ ಬರೆದುಬಿಡುತ್ತಾನೆ.

ಇತ್ತ ಆತನ ಮೇಜಿನ ಕಡತಗಳು ಪಕ್ಕದ ಕುರ್ಚಿಯ ದ್ವಿತೀಯ ದರ್ಜೆ ಸಹಾಯಕಿಯ ಪಾಲಿಗೆ ಬಂದಿರುತ್ತವೆ. ಆಕೆಯನ್ನು ಯಾವ ಶಿಬಿರಕ್ಕೂ ಕಳಿಸಿಲ್ಲ, ಕಳಿಸುವಂತೆಯೂ ಇಲ್ಲ. ಮೊದಲು ರವಾನೆ ವಿಭಾಗದಲ್ಲಿ ಕುಳಿತು, ಸಹಿಯಾಗಿ ಬಂದ ಪತ್ರಗಳಿಗೆ ಸಂಖ್ಯೆ ಹಾಕುತ್ತ ಹಾಕುತ್ತ ಅವುಗಳ ಒಕ್ಕಣೆಯನ್ನು ಕಣ್ಣಲ್ಲೇ ಕಲಿತು, ಆಮೇಲೆ ಕರಡು ಬರೆಯಲು ತೊಡಗಿ, ಕೊನೆಗೆ ಟಿಪ್ಪಣಿ ಮಂಡಿಸುವ ಹಂತಕ್ಕೆ ಬಂದವಳು ಆಕೆ. ಹೀಗೆಯೇ ಲೈಬೀರಿಯಾದ ದರ್ಜಿಗಳ ಬಳಿ ಕೆಲಸಕ್ಕೆ ಸೇರಿದ ಹುಡುಗರು ಗುಂಡಿ ಹಾಕುವುದು, ಅಂಚು ಹೊಲಿಯುವುದನ್ನು ಮೊದಲು ಕಲಿತು ಬಟ್ಟೆ ಕತ್ತರಿಸುವುದನ್ನು ಕೊನೆಗೆ ಕಲಿಯುತ್ತಾರೆಂದು ಮಾನವಶಾಸ್ತ್ರಜ್ಞೆ ಜೀನ್ ಲೇವ್ ಗುರುತಿಸಿದ್ದರು. ಅಂಚಿನ ಕೆಲಸದಿಂದ ನಡುವಿನ ಕೆಲಸದತ್ತ ಸರಿಯುವ ಈ ಬಗೆಯ ಕಲಿಕೆಯನ್ನು ಎಟಿಯೆನ್ ವೆಂಗರ್ ಜೊತೆಗೂಡಿ 1991ರಲ್ಲಿ ಸಿದ್ಧಾಂತವಾಗಿ ರೂಪಿಸಿದರು. ಸಹಾಯಕಿಗೆ ಈ ಸಿದ್ಧಾಂತ ಗೊತ್ತಿಲ್ಲ. ಶಿಬಿರಾರ್ಥಿಗೆ ಗೊತ್ತಿದೆ, ಅದರ ಸ್ಲೈಡೂ ಆತನ ಪೆನ್‌ಡ್ರೈವಿನಲ್ಲಿದೆ.

ಇಷ್ಟು ಪ್ರಮಾಣಪತ್ರಗಳಿರುವವನು ನಿವೃತ್ತಿ ಸಮೀಪಿಸಿದಾಗ ಸಂಪನ್ಮೂಲ ವ್ಯಕ್ತಿಯಾಗುವುದು, ಎಂದರೆ ಶಿಬಿರದಲ್ಲಿ ಪಾಠ ಹೇಳುವವನಾಗುವುದು, ಸಹಜವೇ. ವಿಷಯ ಇ-ಆಫೀಸ್, ಅಂದರೆ ಕಾಗದವಿಲ್ಲದ ಕಡತ ವ್ಯವಸ್ಥೆ. ತಿದ್ದಲು ಬರುವ ಹಳದಿ ಟಿಪ್ಪಣಿ ಅಂತಿಮವಾದ ಹಸಿರು ಟಿಪ್ಪಣಿಯಾಗುವುದು ಹೇಗೆಂದು ಯಾರಾದರೂ ಕೇಳಿದರೆ, ಅದು ಬಹಳ ಒಳ್ಳೆಯ ಪ್ರಶ್ನೆಯೆಂದು ಶ್ಲಾಘಿಸಿ, ಚಹಾ ವಿರಾಮವನ್ನು ಹತ್ತು ನಿಮಿಷ ಮೊದಲೇ ಘೋಷಿಸಿ, ವರಾಂಡದ ಮೂಲೆಯಿಂದ ಕಚೇರಿಗೆ ಫೋನು ಹಚ್ಚುತ್ತಾನೆ: "ಏನಮ್ಮಾ, ಈ ಹಳದಿ ನೋಟು ಹಸಿರಾಗೋಕೆ ಎಲ್ಲಿ ಒತ್ತಬೇಕು?" ವಿರಾಮದ ನಂತರದ ಅವಧಿಗೆ ಶಿಬಿರಾರ್ಥಿಗಳೆಲ್ಲರೂ 'ಅತ್ಯುತ್ತಮ' ಎಂದು ಬರೆದುಕೊಡುತ್ತಾರೆ.