ಎರಡು ಕೊಕ್ಕೆಯ ಸಿದ್ಧಾಂತ: ನವನಗರ ಮತ್ತು ಉಕ್ಕಿನ ಹಗ್ಗದ ಪರ್ವತಾರೋಹಣ

ಬೇಸಿಗೆ ರಜೆಯಲ್ಲಿ ಗೆಳೆಯರನ್ನು ಕಟ್ಟಿಕೊಂಡು, ಬಂಡೆಗೆ ಬಿಗಿದ ಉಕ್ಕಿನ ಹಗ್ಗ ಹಿಡಿದು ಶಿಖರ ಏರುವ ವಿದ್ಯೆಗೆ ಯುರೋಪಿನಲ್ಲಿ ವಿಯಾ ಫೆರಾಟಾ ಎಂದು ಹೆಸರು. ಇದರ ಹುಟ್ಟಿನ ಬಗ್ಗೆ ಎರಡು ಮತಗಳಿವೆ. 1843ರಲ್ಲಿ ಆಸ್ಟ್ರಿಯಾದ ಡಾಖ್‌ಸ್ಟೈನ್ ಶಿಖರದ ದಾರಿಗೆ ಫ್ರೀಡ್ರಿಕ್ ಸಿಮೋನಿ ಕಬ್ಬಿಣದ ಗೂಟ ಹೊಡೆಸಿದ್ದೇ ಆರಂಭ ಎನ್ನುವವರು ಒಂದು ಕಡೆ. 1915ರಿಂದ ಡಾಲಮೈಟ್ಸ್ ಪರ್ವತಗಳಲ್ಲಿ ಕಾದಾಡಿದ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನಿಕರು ಮದ್ದುಗುಂಡು ಸಾಗಿಸಲು ಬಿಗಿದ ಏಣಿ, ಹಗ್ಗಗಳಿಂದಲೇ ಇದು ಬೆಳೆಯಿತು ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದ ಪಂಡಿತರು ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರವನ್ನು ಕಡೆಗಣಿಸಿರುವುದು ವಿಷಾದನೀಯ. ಈ ವಿದ್ಯೆಯಲ್ಲಿ ಜಗತ್ತಿನಲ್ಲೇ ಹೆಚ್ಚು ಪಳಗಿದವರು ನವನಗರದ ನಿವಾಸಿಗಳು ಎಂಬುದು ಪ್ರಸ್ತುತ ಪ್ರಬಂಧದ ಪ್ರಮೇಯ. ಅವರು ಬೆಟ್ಟ ಹತ್ತುತ್ತಾರೋ ಇಲ್ಲವೋ ಎಂಬುದು ಗೌಣ.

ಪ್ರಮಾಣಗಳನ್ನು ಪರಿಶೀಲಿಸೋಣ. ಆರೋಹಿಯ ಸೊಂಟದ ಪಟ್ಟಿಯಿಂದ ಎರಡು ಕವಲಿನ ಹಗ್ಗ ಹೊರಡುತ್ತದೆ. ಒಂದೊಂದರ ತುದಿಗೂ ಕ್ಯಾರಬಿನರ್ ಎಂಬ ಕೊಕ್ಕೆ. ಎರಡನ್ನೂ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ ನಡೆಯಬೇಕು. ಗೂಟ ಎದುರಾದಾಗ ಒಂದು ಕೊಕ್ಕೆಯನ್ನು ತೆಗೆದು ಗೂಟದಾಚೆ ಹಾಕಿ, ಆಮೇಲೆ ಇನ್ನೊಂದನ್ನು ದಾಟಿಸಬೇಕು. ಎರಡನ್ನೂ ಒಮ್ಮೆಗೇ ಬಿಚ್ಚಬಾರದು ಎಂಬ ಒಂದೇ ಸೂತ್ರದ ಮೇಲೆ ಇಡೀ ಶಾಸ್ತ್ರ ನಿಂತಿದೆ. ಆ ಸೂತ್ರವೇ ನವನಗರದ ಜೀವನಕ್ರಮ. 1962ರಲ್ಲಿ ಎರಡು ಊರುಗಳನ್ನು ಒಂದೇ ಮಹಾನಗರ ಪಾಲಿಕೆಗೆ ಪೋಣಿಸಲಾಯಿತು. ನಡುವೆ ಬೆಳೆದ ಈ ಬಡಾವಣೆ ಒಂದು ಕೊಕ್ಕೆ ಅತ್ತ, ಒಂದು ಕೊಕ್ಕೆ ಇತ್ತ ಹಾಕಿಕೊಂಡಿತು. ಸಾಹಿತ್ಯದ ಮಾತು ಬಂದರೆ ನವನಗರದವರು ಧಾರವಾಡದವರು, ಸೈಟಿನ ರೇಟಿನ ಮಾತು ಬಂದರೆ ಹುಬ್ಬಳ್ಳಿಯವರು. ಅವಳಿ ನಗರದ ಪೊಲೀಸ್ ಕಮಿಷನರ್ ಕಚೇರಿಯೂ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಇಲ್ಲೇ ಇರುವುದರಿಂದ, ಕಾಯ್ದೆಯನ್ನು ಕಲಿಸುವವರೂ ಜಾರಿ ಮಾಡುವವರೂ ಇದೇ ನಡುಹಗ್ಗಕ್ಕೆ ಜೋತುಬಿದ್ದಿದ್ದಾರೆಂದು ಸಿದ್ಧವಾಗುತ್ತದೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಈ ಎರಡು ಊರುಗಳ ನಡುವೆ 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಚಿಗರಿ ಬಸ್ಸನ್ನು ಸಂಜೆ ಆರರ ಹೊತ್ತಿಗೆ ನಿರೀಕ್ಷಿಸಿ. ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದ ಪ್ರಯಾಣಿಕ ನವನಗರ ನಿಲ್ದಾಣ ಹತ್ತಿರವಾದಂತೆ ಬಾಗಿಲ ಕಡೆಗೆ ಸರಿಯಬೇಕು. ಡಬ್ಬಿಯನ್ನು ಕಂಕುಳಿಗೆ ಸೇರಿಸಿ, ಒಂದು ಕೈ ತಲೆಯ ಮೇಲಿನ ಕಂಬಿಯಲ್ಲಿರುವಾಗಲೇ ಇನ್ನೊಂದು ಕೈಯಿಂದ ಮುಂದಿನ ಹಿಡಿಕೆ ಹುಡುಕುತ್ತಾನೆ. ಅದು ಸಿಕ್ಕ ಮೇಲೆಯೇ ಕಂಬಿ ಬಿಡುತ್ತಾನೆ. ಯಾವ ಗೈಡೂ ಇದನ್ನು ಅವನಿಗೆ ಕಲಿಸಿಲ್ಲ. ಆಲ್ಪ್ಸ್‌ನಲ್ಲಿ ಎರಡು ಗೂಟಗಳ ನಡುವೆ ಒಬ್ಬನೇ ಇರಬೇಕೆಂಬ ನಿಯಮವಿದೆ, ಮೇಲಿನವ ಬಿದ್ದರೆ ಕೆಳಗಿನವನ ತಲೆಯ ಮೇಲೆಯೇ ಬಂದಾನೆಂದು. ಚಿಗರಿಯಲ್ಲಿ ಎರಡು ಹಿಡಿಕೆಗಳ ನಡುವೆ ನಾಲ್ವರಿರುತ್ತಾರೆ. ಆದ್ದರಿಂದ ಆಸ್ಟ್ರಿಯನ್ನರು ದಾರಿಯ ಕಷ್ಟವನ್ನು ಎ ಯಿಂದ ಇ ವರೆಗೆ ಅಳೆಯುವ ಪದ್ಧತಿ ಇಲ್ಲಿ ಸಾಲದು. ನಮ್ಮ ವರ್ಣಮಾಲೆಯ ಕೊನೆಯ ‘ಳ’ ದರ್ಜೆಯನ್ನು ಸಂಜೆಯ ಈ ಬಸ್ಸಿಗೆ ಮೀಸಲಿಡಬೇಕು.

ಪೂರ್ವಪಕ್ಷಿಗಳ ಆಕ್ಷೇಪಗಳಿಗೆ ಸಮಾಧಾನ ಹೇಳದೆ ಮುಂದುವರಿಯಲಾಗದು. ಕಬ್ಬಿಣ ಹಿಡಿದು ಹತ್ತುವ ಗೌರವ ಶಿವಗಂಗೆಗೋ ಮಧುಗಿರಿಗೋ ಸಲ್ಲಬೇಕಲ್ಲವೇ, ಕಡಿದಾದ ಬಂಡೆಗೆ ಸರಳು ನೆಟ್ಟಿರುವುದು ಅಲ್ಲಿ ತಾನೇ ಎಂಬುದು ಮೊದಲನೆಯದು. ಅಲ್ಲಿ ಹಿಡಿಯುವುದು ಕೈಯಿಂದ, ಕೊಕ್ಕೆಯಿಂದಲ್ಲ. ಸುಸ್ತಾದರೆ ಕೈ ಬಿಟ್ಟು ಕೂತು ಮಜ್ಜಿಗೆ ಕುಡಿಯಬಹುದು. ಕುಡಿಯಲು ಬಿಡದ ಹಿಡಿತವೇ ನಿಜವಾದ ಹಿಡಿತ. ನವನಗರದಲ್ಲಿ ಬೆಟ್ಟವೇ ಇಲ್ಲ ಎಂಬುದು ಎರಡನೆಯದು. ಉಣಕಲ್ಲಿನ ನೃಪತುಂಗ ಬೆಟ್ಟ ಅನತಿ ದೂರದಲ್ಲಿದೆ. ಅದರ ತುದಿಯಲ್ಲಿ ಉದ್ಯಾನ ಮಾಡಿ ಶಿಖರದ ಗಾಂಭೀರ್ಯ ಕಳೆದದ್ದು ಬೆಟ್ಟದ ತಪ್ಪಲ್ಲ. ಮೂರನೆಯದು ತಾಂತ್ರಿಕ: ಆರೋಹಿ ಬಿದ್ದಾಗ ಹೊಲಿಗೆ ಬಿಚ್ಚಿಕೊಳ್ಳುತ್ತ ಆಘಾತವನ್ನು ಹೀರುವ ಪಟ್ಟಿ ಅವನ ಸಜ್ಜಿನಲ್ಲಿರುತ್ತದೆ, ಬಸ್ಸಿನಲ್ಲಿ ಅದೆಲ್ಲಿ? ಡ್ರೈವರ್ ಬ್ರೇಕ್ ಹಾಕಿದಾಗ ಮುಂದೆ ನಿಂತವರು ಆ ಕೆಲಸ ಮಾಡುತ್ತಾರೆ, ಕೆಲವೊಮ್ಮೆ ಅವರ ಹೊಲಿಗೆಯೂ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯದು ಋತುವಿನದು. ಗುಡುಗಿನ ಮೋಡ ಕವಿದಾಗ ಉಕ್ಕಿನ ಹಗ್ಗ ಹಿಡಿಯುವುದು ಅಪಾಯವೆಂದು ಆಲ್ಪ್ಸ್‌ನಲ್ಲಿ ಮಧ್ಯಾಹ್ನಕ್ಕೆ ಮೊದಲೇ ಇಳಿಯುತ್ತಾರೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಬರುವುದು ಸಂಜೆಗೇ. ಆದರೆ ಇಲ್ಲಿ ಗುಡುಗಿಗೂ ಮುಂಚೆ ಕರೆಂಟು ಹೋಗುವ ಪದ್ಧತಿಯಿರುವುದರಿಂದ, ಯಾವ ತಂತಿಯಲ್ಲೂ ಏನೂ ಹರಿಯದೆಂದು ಜನ ನಿಶ್ಚಿಂತರಾಗಿದ್ದಾರೆ.

ಉಳಿದ ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಕೊಕ್ಕೆ ಹಾಕುವುದು ಅರ್ಧ ವಿದ್ಯೆ. ಗೂಟ ಬಂದಾಗ ಒಂದನ್ನಾದರೂ ಬಿಚ್ಚದವನು ಮೇಲೇರುವುದು ಹೇಗೆ? ನವನಗರ ಯಾವಾಗ ಬಿಚ್ಚಿದೆ? ಇದಕ್ಕೆ ಉತ್ತರ ಇತ್ತೀಚೆಗಷ್ಟೇ ಒದಗಿದೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ಒಪ್ಪಿತು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕೊನೆಗೂ ಗೂಟ ಬಂದಿದೆ. ಇಂಥ ಘಟ್ಟದಲ್ಲಿ ಯುರೋಪಿನ ಆರೋಹಿ ಹೆಚ್ಚು ಹೊತ್ತು ನಿಂತರೆ ಹಿಂದಿನವರು ಗೊಣಗುತ್ತಾರೆ, ಗೆಳೆಯರು ಶಿಖರದಿಂದ ಕೂಗುತ್ತಾರೆ, ಅವನು ದಾಟಲೇಬೇಕಾಗುತ್ತದೆ. ನವನಗರದವನಿಗೆ ಆ ಒತ್ತಡವಿಲ್ಲ: ಅವನ ಹಿಂದೆ ನಿಂತವರೂ ನವನಗರದವರೇ, ಹುಬ್ಬಳ್ಳಿಯ ಕೊಕ್ಕೆ ಮೊದಲೋ ಧಾರವಾಡದ್ದು ಮೊದಲೋ ಎಂದು ಚರ್ಚಿಸುತ್ತಿರುವವರು. ಆದ್ದರಿಂದ ಬೇಸಿಗೆಯ ತಂಡದಲ್ಲಿ ನವನಗರದವನೊಬ್ಬನನ್ನು ಸೇರಿಸಿಕೊಳ್ಳಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಅವನು ಎಂದೂ ಬೀಳುವುದಿಲ್ಲ. ಆದರೆ ಅವನನ್ನು ಸಾಲಿನ ಕೊನೆಗೆ ನಿಲ್ಲಿಸುವುದು ಕ್ಷೇಮ.